ಹುಬ್ಬಳ್ಳಿಯಲ್ಲಿ ಬಾಡಿಗೆ ಕಾರು: ಮೊದಲು ನಂಬರ್ ಪ್ಲೇಟ್ ನೋಡಿ

ನೀವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನ ಮನೆಗಾಡಿ ತೋರಿಸಿ ‘ಕಡಿಮಿಗೆ ಕೊಡ್ತೀವಿ, ಒಯ್ರಿ ಸರ’ ಅಂದರೆ ಬಿಟ್ಟುಬಿಡಿ. ಖಾಸಗಿ ಗಾಡಿ ಬಾಡಿಗೆಗೆ ಓಡುವಾಗ ಅಪಘಾತವಾದರೆ ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಬಹುದು.

ಡ್ರೈವರ್ ಸಮೇತ ಟ್ಯಾಕ್ಸಿ ಹಿಡಿಯುವವರು ಎಡವುವುದು ಮಿನಿಮಮ್ ಕಿಲೋಮೀಟರ್‌ನಲ್ಲಿ. ಹುಬ್ಬಳ್ಳಿಯಿಂದ ಗದಗ, ಲಕ್ಕುಂಡಿ ನೋಡಿ ವಾಪಸ್ ಬಂದರೆ ಸುಮಾರು 140 ಕಿ.ಮೀ. ದಿನಕ್ಕೆ 250 ಎಂದು ಮಾತಾಗಿದ್ದರೆ ಓಡದ 110 ಕಿ.ಮೀ.ಗೂ ದುಡ್ಡು ತೆರಬೇಕು. ಅದಕ್ಕೆ ಬಾದಾಮಿಯನ್ನೂ ಸೇರಿಸಿ ಸುತ್ತು ಹಾಕಿ. ಲೆಕ್ಕ ಹೆಚ್ಚುಕಡಿಮೆ 250ಕ್ಕೇ ಬಂದು ನಿಲ್ಲುತ್ತದೆ. ಒಬ್ಬರೇ ಇದ್ದರೆ ಗದಗಿಗೆ ಬಸ್ಸೇ ಸಾಕು. ಮೀಟರ್ ನಿಮ್ಮ ಲಾಡ್ಜಿನಿಂದಲೋ ಅವರ ಶೆಡ್ಡಿನಿಂದಲೋ, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಯಾರದು, ರಾತ್ರಿ ಎಷ್ಟು ಗಂಟೆಯ ಮೇಲೆ ಹೆಚ್ಚುವರಿ ಬಾಟಾ, ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಂಜೆ ಹೊತ್ತಿಗೆ ಬದಲಾಗುತ್ತದೆ!

ಸೆಲ್ಫ್ ಡ್ರೈವ್ ಡಿಪಾಸಿಟ್ ಹಣಕ್ಕೆ ಹೆಚ್ಚಾಗಿ ಕತ್ತರಿ ಬೀಳುವುದು ಬಂಪರ್ ಕೆಳಗಿನ ಗೀರಿಗೆ. ನಮ್ಮ ಕಡೆಯ ಹಂಪುಗಳ ಕೃಪೆ. ಗಾಡಿ ಪಡೆಯುವಾಗ ಬೆಳಕಿನಲ್ಲೇ ವಿಡಿಯೊ ಮಾಡಿ: ನಾಲ್ಕೂ ರಿಮ್, ಬಂಪರಿನ ತಳ, ಗಾಜು, ಓಡೋಮೀಟರ್, ಇಂಧನದ ಮುಳ್ಳು. ಡಿಕ್ಕಿ ತೆಗೆಸಿ ಸ್ಟೆಪ್ನಿಯಲ್ಲಿ ಗಾಳಿ ಇದೆಯಾ, ಜಾಕ್ ಮತ್ತು ವ್ಹೀಲ್ ಸ್ಪ್ಯಾನರ್ ಇವೆಯಾ ನೋಡಿ. ಫಾಸ್ಟ್ಯಾಗ್ ಬ್ಯಾಲೆನ್ಸ್ ಕೇಳಿ. ವೇಗದ ದಂಡದ ಚಲನ್ ತಡವಾಗಿ ಬರುವುದರಿಂದ ಹಿಂತಿರುಗಿಸಿದ ದಿನ, ಗಂಟೆಯ ರಸೀದಿ ಇಟ್ಟುಕೊಳ್ಳಿ.

ಬರೀ ಧಾರವಾಡಕ್ಕಾದರೆ ಕಾರೇ ಬೇಡ, ಚಿಗರಿ ಬಸ್ ಇದೆ.