ರಜೆಯಲ್ಲಿ ಬಂದ ದಲ್ಲಾಳಿ

ಮಲ್ಪೆ ಹತ್ತಿರದ ಶಾಲೆಯ ಹಾಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೆ ನಮ್ಮ ತಂಡದ ತುಳು ಹಾಸ್ಯ ನಾಟಕದ ಕೊನೆಯ ಟ್ರಯಲ್. ಎರಡನೇ ನಿಮಿಷಕ್ಕೇ ಮಾಸ್ಟ್ರು ಕೈ ಎತ್ತಿ ನಿಲ್ಲಿಸಿದರು. ತಪ್ಪಿದ್ದು ಡೈಲಾಗ್ ಅಲ್ಲ, ಕೊಡೆ. ಸೇನೆಯಿಂದ ರಜೆಯಲ್ಲಿ ಬಂದ ನಮ್ಮ ಮೇಜರ್ ಮಾಡುವುದು ಮದುವೆ ದಲ್ಲಾಳಿಯ ಪಾತ್ರ. ಬಾಗಿದ ಹಿಡಿಯ ಕಪ್ಪು ಬಟ್ಟೆಯ ಕೊಡೆಯನ್ನು ಎಡ ಕಂಕುಳಲ್ಲಿ ಅಡ್ಡಕ್ಕೆ ಸಿಕ್ಕಿಸಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಒಳಗೆ ಬಂದಿದ್ದರು. ಅಧಿಕಾರಿಗಳು ಬೆತ್ತ ಹಿಡಿಯುವ ರೀತಿ ಅದು.

“ಕೊಡೆ ಕಾಲರಿಗೆ ನೇತು ಹಾಕು ಮಾರಾಯ. ನೀನು ಹೆಣ್ಣು ತೋರಿಸ್ಲಿಕ್ಕೆ ಹೊರಟವ, ಪರೇಡ್ ನೋಡ್ಲಿಕ್ಕೆ ಅಲ್ಲ.”

“ಆಯ್ತು ಮಾಸ್ಟ್ರೇ, ಇನ್ನೊಮ್ಮೆ ಬರ್ತೇನೆ” ಎಂದು ಮೇಜರ್ ಬಾಗಿಲ ತನಕ ವಾಪಸು ಹೋದರು. ಕೊಡೆ ಬೆನ್ನ ಹಿಂದೆ ಹೋದ ಕೂಡಲೇ ಎರಡೂ ಕೈ ಖಾಲಿಯಾಯಿತು, ಭುಜ ಇಳಿಯಿತು. ಹಳೇ ಕಾಲದ ನಮ್ಮೂರ ಹಿರಿಯರು ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿ ನಡೆದದ್ದನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ: ಕೊಡೆ ಬೀಳದ ಹಾಗೆ ಕುತ್ತಿಗೆ ತುಸು ಮುಂದಕ್ಕೆ ಬರುತ್ತದೆ, ನಡೆ ತಾನಾಗಿ ನಿಧಾನವಾಗುತ್ತದೆ.

ಸೇನೆಯಲ್ಲಿರುವವರು ಹಾಸ್ಯ ಪಾತ್ರ ಮಾಡುವಾಗ ಮೊದಲು ಬಿಡಿಸಬೇಕಾದದ್ದು ಕಾಲನ್ನು. ಸಾವಧಾನ್‌ನಲ್ಲಿ ಹಿಮ್ಮಡಿ ಸೇರಿ ಪಾದಗಳ ನಡುವೆ 30 ಡಿಗ್ರಿ, ವಿಶ್ರಾಮ್‌ನಲ್ಲಿ ಪಾದಗಳ ನಡುವೆ 12 ಇಂಚು, ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ವರ್ಷಗಟ್ಟಲೆ ಮೈಗೆ ಹತ್ತಿದ ಈ ಲೆಕ್ಕ “ಸ್ವಲ್ಪ ಸಡಿಲವಾಗಿ ನಡೀರಿ” ಎಂದರೆ ಹೋಗುವುದಿಲ್ಲ. ಹಾಗೆ ಹೇಳಿದರೆ ಸಡಿಲವಾಗಿ ನಡೆಯುವುದನ್ನೂ ಅವರು ಡ್ರಿಲ್ಲಿನ ಹಾಗೆಯೇ ಮಾಡುತ್ತಾರೆ. ಅದಕ್ಕೆ ನಮ್ಮ ತಂಡದಲ್ಲಿ ಕಂಡುಕೊಂಡ ಉಪಾಯ, ಒಂದು ನಂಬರ್ ದೊಡ್ಡದಾದ, ಹಿಮ್ಮಡಿ ಸವೆದ ಹವಾಯಿ ಚಪ್ಪಲಿ. ಚಪ್ಪಲಿ ಬಿಟ್ಟುಹೋಗದ ಹಾಗೆ ಬೆರಳು ಬಿಗಿ ಹಿಡಿದು ಎಳೆದುಕೊಂಡೇ ನಡೆಯಬೇಕಾಗುತ್ತದೆ. ಹಿಮ್ಮಡಿ ಒಂದೇ ತಾಳಕ್ಕೆ ನೆಲ ಮುಟ್ಟುವುದಿಲ್ಲ, 120ರ ಲೆಕ್ಕ ಅಲ್ಲಿಗೇ ತಪ್ಪುತ್ತದೆ.

ಬಿಡಿಸಬಾರದ ವಿಷಯವೂ ಉಂಟು. ಡ್ರಿಲ್ಲಿನ ಆಜ್ಞೆ ಎರಡು ತುಂಡು. “ದಾಹಿನೇ” ಎಂದು ಎಳೆದು, ಒಂದು ಗಳಿಗೆ ತಡೆದು, “ಮುಡ್” ಎಂದು ಕಡಿದು ಹೇಳುತ್ತಾರೆ. ಮೊದಲ ತುಂಡಿಗೆ ಯಾರೂ ಅಲುಗುವುದಿಲ್ಲ, ಏನು ಬರಲಿಕ್ಕುಂಟು ಎಂದು ಮೈ ಸಿದ್ಧ ಮಾಡಿಕೊಳ್ಳುತ್ತಾರೆ. ಎರಡನೆಯದಕ್ಕೆ ಎಲ್ಲರೂ ಒಟ್ಟಿಗೆ ತಿರುಗುತ್ತಾರೆ. ನಗೆಮಾತಿನ ಕಟ್ಟೂ ಹೀಗೆಯೇ. ಮೊದಲ ತುಂಡು ಜನರನ್ನು ಒಂದು ದಿಕ್ಕಿಗೆ ನಿಲ್ಲಿಸಬೇಕು, ನಡುವೆ ತಡೆ, ಆಮೇಲೆ ಚಿಕ್ಕದಾಗಿ ತಿರುವು. ಮೇಜರಿನ ಪಾತ್ರದ ಒಂದು ತುಳು ಮಾತನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಹುಡುಗನಿಗೆ ಒಂದೇ ಒಂದು ದುರಭ್ಯಾಸ ಇಲ್ಲ... ಕೈಯಲ್ಲಿ ದುಡ್ಡಿಲ್ಲದಾಗ.” ಇದನ್ನೇ ನಮ್ಮ ಭಾಷೆಯ ಸಹಜ ಕ್ರಮದಲ್ಲಿ “ಕೈಯಲ್ಲಿ ದುಡ್ಡಿಲ್ಲದಾಗ ಹುಡುಗನಿಗೆ ದುರಭ್ಯಾಸ ಇಲ್ಲ” ಎಂದರೆ ಯಾರೂ ನಗುವುದಿಲ್ಲ. ತುಳುವಿನಲ್ಲೂ ಕನ್ನಡದಲ್ಲೂ ಕ್ರಿಯಾಪದ ಕೊನೆಗೆ ಕೂರುವ ಕಾರಣ, ನಗಿಸುವ ಪದ ನಡುವೆ ಎಲ್ಲೋ ಹೂತುಹೋಗುತ್ತದೆ. ಅದನ್ನು ಎತ್ತಿ ಕ್ರಿಯಾಪದದ ಆಚೆ ಇಡಬೇಕು. ಹೊಸ ನಟರಿಗೆ ಆ ತಡೆ ಎಷ್ಟುದ್ದ ಎಂದು ಕಲಿಸಲಿಕ್ಕೆ ತಿಂಗಳು ಹಿಡಿಯುತ್ತದೆ. ಮೇಜರ್ ಮನಸ್ಸಿನಲ್ಲೇ “ದೋ-ತೀನ್” ಎಂದು ಎಣಿಸುತ್ತಾರೆ, ಪ್ರತಿ ಪ್ರದರ್ಶನದಲ್ಲೂ ಒಂದೇ ಅಳತೆ.

ಸೈನ್ಯದಿಂದ ನಟನೆಗೆ ಬಂದವರು ಹಿಂದೆಯೂ ಇದ್ದಾರೆ. ಬಿಕ್ರಮ್‌ಜೀತ್ ಕನ್ವರ್‌ಪಾಲ್ 2002ರಲ್ಲಿ ಮೇಜರ್ ಆಗಿ ನಿವೃತ್ತರಾಗಿ ಮರುವರ್ಷ ಸಿನಿಮಾಕ್ಕೆ ಬಂದರು. ಅಚ್ಯುತ್ ಪೋತ್‌ದಾರ್ 1967ರಲ್ಲಿ ಕ್ಯಾಪ್ಟನ್ ಹುದ್ದೆಯಲ್ಲಿ ಸೈನ್ಯ ಬಿಟ್ಟರು, ಇಂಡಿಯನ್ ಆಯಿಲ್‌ನ ಕೆಲಸದಲ್ಲಿದ್ದುಕೊಂಡು ನಟನೆಗೆ ಬಂದರು. ಇಬ್ಬರೂ ಸಮವಸ್ತ್ರ ಕಳಚಿದ ಮೇಲೆ ಬಂದವರು. ಸೇವೆಯಲ್ಲಿರುವಾಗಲೇ ವೇಷ ಹಾಕುವುದೆಂದರೆ ಲೆಕ್ಕಾಚಾರ ಬೇರೆ. ಅಧಿಕಾರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 20 ದಿನ ಸಾಂದರ್ಭಿಕ ರಜೆ. ಕರೆ ಬಂದರೆ ಅರ್ಧದಲ್ಲೇ ಹೊರಡಬೇಕು. ಮನೆ, ಮಕ್ಕಳು, ಊರಿನ ದೈವದ ನೇಮ, ತಂಗಿಯ ಮದುವೆ ಎಲ್ಲ ಅದರೊಳಗೇ ಮುಗಿಯಬೇಕು. ದಿಲ್ಲಿಯಿಂದ ಮಂಗಳಾ ಎಕ್ಸ್‌ಪ್ರೆಸ್ ಹಿಡಿದರೂ ಹೋಗುವುದಕ್ಕೆ ಬರುವುದಕ್ಕೆ ನಾಲ್ಕು ದಿನ ಕಳೆಯಿತು. ಬಯಲು ನಾಟಕಕ್ಕೆ ಕರಾವಳಿಯಲ್ಲಿ ಸಿಗುವುದು ದೀಪಾವಳಿಯಿಂದ ಮೇ ಕೊನೆಯ ಪತ್ತನಾಜೆಯ ತನಕ, ಆಮೇಲೆ ಮಳೆ. ಇಷ್ಟರಲ್ಲಿ ಒಂದು ಪಾತ್ರ ಉಳಿಸಿಕೊಳ್ಳಬೇಕಾದರೆ ಅದಕ್ಕೆ ಇಬ್ಬರು ಬೇಕು. ಆದ್ದರಿಂದ ದಲ್ಲಾಳಿಯ ಪಾತ್ರವನ್ನು ಇನ್ನೊಬ್ಬ ನಟನೂ ಕಲಿತಿದ್ದಾನೆ. ಇಬ್ಬರ ಮೈಗೂ ಆಗುವಂತೆ ಅಂಗಿಯ ಪಕ್ಕದಲ್ಲಿ ದಾರದ ಕಟ್ಟು ಇಟ್ಟಿದ್ದೇವೆ. ಪ್ರದರ್ಶನದ ಹೊತ್ತಿಗೆ ಮೇಜರಿನ ಫೋನ್ ವಿಂಗ್‌ನಲ್ಲಿ ನಿಂತು ಮಾತು ನೆನಪಿಸುವ ಪ್ರಾಂಪ್ಟರ್‌ನ ಜೇಬಿನಲ್ಲಿರುತ್ತದೆ.

ನಿಯಮಗಳ ವಿಷಯದಲ್ಲಿ ನಾವು ಕಣ್ಣು ಮುಚ್ಚಿ ಕೂರುವುದಿಲ್ಲ. ಸೇನಾ ನಿಯಮಗಳು 1954ರ 20 ಮತ್ತು 21ನೇ ನಿಯಮಗಳ ಪ್ರಕಾರ ಸೇವೆಯಲ್ಲಿರುವವರು ರಾಜಕೀಯ ಚಟುವಟಿಕೆಯಲ್ಲಿ ಭಾಗವಹಿಸುವ ಹಾಗಿಲ್ಲ, ರಾಜಕೀಯದ ಬಗ್ಗೆ ಅಥವಾ ಸೇನೆಯ ವಿಷಯದ ಬಗ್ಗೆ ಅನುಮತಿ ಇಲ್ಲದೆ ಸಾರ್ವಜನಿಕವಾಗಿ ಮಾತಾಡುವ ಹಾಗಿಲ್ಲ. ತುಳು ಹಾಸ್ಯ ನಾಟಕಕ್ಕೋ ಸ್ಥಳದಲ್ಲೇ ಹುಟ್ಟುವ ರಾಜಕೀಯದ ಮಾತೇ ಉಪ್ಪು ಖಾರ. ಹಾಗಾಗಿ ಸ್ಕ್ರಿಪ್ಟ್ ಕೈಗೆ ಬಂದ ದಿನವೇ ಮೇಜರ್ ಕೆಂಪು ಪೆನ್ ಹಿಡಿದು ಕೂತಿದ್ದರು. ರಸ್ತೆ ಹೊಂಡದ ಮಾತು ಇರಲಿ, ಓಟಿನ ಮಾತು ಹುಡುಗಿಯ ಅಪ್ಪನ ಪಾತ್ರಕ್ಕೆ ಹೋಗಲಿ, ಸಿಪಾಯಿಯ ಮೇಲಿನ ಎರಡು ಜೋಕು ಪೂರ್ತಿ ತೆಗೆಯಿರಿ ಎಂದು ಗುರುತು ಹಾಕಿಕೊಟ್ಟರು. ಸಂಭಾವನೆ ಇಲ್ಲ, ಅವರ ಲೆಕ್ಕದಲ್ಲಿ ಚಹಾ ಮತ್ತು ಗೋಳಿಬಜೆ ಮಾತ್ರ. 2020ರ ಜುಲೈಯಲ್ಲಿ ಸೇನೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಎಂದಿತ್ತು. ಅಂದಿನಿಂದ ಅವರ ದೃಶ್ಯದ ತುಣುಕನ್ನು ನಾವು ಎಲ್ಲಿಯೂ ಹಾಕುವುದಿಲ್ಲ. ಕೆಲವು ಕಡೆ ಆಯೋಜಕರಿಗೆ ಇದು ಇಷ್ಟವಾಗುವುದಿಲ್ಲ. ಆದರೂ ಒಬ್ಬರ ನೌಕರಿಗಿಂತ ದೊಡ್ಡ ಪ್ರಚಾರ ನಾಟಕಕ್ಕೆ ಬೇಡ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಸಂಜೆ ಐದಕ್ಕೆ ಮೇಕಪ್. ಬೆರೆಟ್ ಟೊಪ್ಪಿ ಹಾಕುವವರ ಹಣೆಯಲ್ಲಿ ಒಂದು ಗೆರೆ ಇರುತ್ತದೆ, ಕೆಳಗೆ ಬಿಸಿಲಿಗೆ ಕಂದಿದ ಬಣ್ಣ, ಮೇಲೆ ಬಿಳಿಚು. ದೂರಕ್ಕೆ ಕಾಣುವುದಿಲ್ಲ ಎಂದುಕೊಂಡರೆ ತಪ್ಪು. ಫೋಕಸ್ ಲೈಟು ಬಿದ್ದಾಗ ತಲೆಗೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತದೆ. ಆದ್ದರಿಂದ ಹಣೆಯ ಮೇಲ್ಭಾಗಕ್ಕೆ ಒಂದು ಛಾಯೆ ಗಾಢವಾದ ಪ್ಯಾನ್‌ಕೇಕ್. ಅದಕ್ಕೆ ಮೊದಲು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಎರಡು ನಿಮಿಷ ಮುಖಕ್ಕೆ ಒತ್ತಿ ಒರೆಸಿಕೊಳ್ಳಬೇಕು. ಇಲ್ಲದಿದ್ದರೆ ಕರಾವಳಿಯ ಬೆವರಿಗೆ ಬಣ್ಣ ಮೊದಲ ಅಂಕದಲ್ಲೇ ಗೆರೆಗೆರೆಯಾಗಿ ಇಳಿಯುತ್ತದೆ. ಇಷ್ಟು ಗಿಡ್ಡ ಕೂದಲಿಗೆ ವಿಗ್ಗಿನ ಪಿನ್ನು ನಿಲ್ಲುವುದಿಲ್ಲ, ತಲೆಗೆ ಬೈರಾಸು (ಟವೆಲ್) ಸುತ್ತಿದೆವು. ದಲ್ಲಾಳಿಗೆ ನಾಲ್ಕು ದಿನದ ಗಡ್ಡ ಬೇಕು. ದಿನವೂ ಕ್ಷೌರ ಮಾಡುವವರ ಮುಖಕ್ಕೆ ಅದನ್ನು ಒರಟು ಸ್ಪಂಜಿನಲ್ಲಿ ಕಪ್ಪು-ಕಂದು ಬಣ್ಣ ಅದ್ದಿ ಚುಕ್ಕೆ ಚುಕ್ಕೆಯಾಗಿ ಒತ್ತಬೇಕು, ಎಳೆದರೆ ಮಸಿ ಬಳಿದ ಹಾಗಾಗುತ್ತದೆ.

ಮೀಸೆಗೆ ಸ್ಪಿರಿಟ್ ಗಮ್. ಮೇಲ್ತುಟಿಯ ಕ್ಷೌರ ಬೆಳಿಗ್ಗೆಯೇ ಆಗಿರಬೇಕು, ಆಗಷ್ಟೇ ಬ್ಲೇಡ್ ಆಡಿಸಿದ ಚರ್ಮಕ್ಕೆ ಅಂಟು ತಾಗಿದರೆ ಉರಿ ತಡೆಯಲಾಗುವುದಿಲ್ಲ. ತೆಳ್ಳಗೆ ಹಚ್ಚಿ, ಬೆರಳಿಗೆ ನೂಲಿನ ಹಾಗೆ ಎಳೆ ಬರುವ ತನಕ ಬಿಟ್ಟು, ಒದ್ದೆ ಬಟ್ಟೆಯಲ್ಲಿ ನಡುವಿನಿಂದ ಹೊರಕ್ಕೆ ಒತ್ತಬೇಕು. ಹಾಸ್ಯದವರ ಮೀಸೆಯನ್ನು ನಡುವೆ ಕತ್ತರಿಸಿ ಎರಡು ಭಾಗ ಮಾಡಿ ಅಂಟಿಸುವುದು ಒಳ್ಳೆಯದು. ತುಟಿ ಅಷ್ಟು ಆಡುವಾಗ ಇಡೀ ಮೀಸೆಯ ತುದಿ ಬಿಟ್ಟುಕೊಳ್ಳುತ್ತದೆ, ಎರಡು ಭಾಗವಾದರೆ ಚರ್ಮದ ಜೊತೆಗೇ ಸರಿಯುತ್ತದೆ.

ಏಳು ಗಂಟೆಗೆ ಸೌಂಡ್ ಪರೀಕ್ಷೆ. ರಂಗದ ಮುಂದುಗಡೆ ಮೇಲಿನಿಂದ ನಾಲ್ಕು ಹ್ಯಾಂಗಿಂಗ್ ಮೈಕ್. ಮೈದಾನದ ಆಚೆಗೆ ಕೇಳಿಸುವಂತೆ ಹೊಟ್ಟೆಯಿಂದ ಕೂಗಿ ರೂಢಿಯಾದ ಸ್ವರ ಅವುಗಳ ಬುಡದಲ್ಲಿ ಎದ್ದರೆ ಒಡೆದು ಕೇಳುತ್ತದೆ. ಅದಕ್ಕೆ ಹೆದರಿ ಸೌಂಡಿನವರು ಎಲ್ಲ ಮೈಕಿನ ಸದ್ದು ಇಳಿಸಿದರೆ ಹುಡುಗಿಯ ಪಾತ್ರದ ಮೆಲುಮಾತು ಮೂರನೇ ಸಾಲಿಗೂ ತಲುಪುವುದಿಲ್ಲ. ಮೈಕ್ ಮುಟ್ಟಬೇಡಿ, ಜೋರಿನ ಮಾತಿಗೆ ಮೇಜರೇ ಎರಡು ಹೆಜ್ಜೆ ಹಿಂದೆ ಹೋಗಲಿ ಎಂದು ತೀರ್ಮಾನಿಸಿ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿದೆವು.

ಎಲ್ಲ ಸರಿಯಾಯಿತು, ಒಂದು ತಪ್ಪಿತು. ಆಯೋಜಕರಿಗೆ ನಾವು ಮೊದಲೇ ಹೇಳಿದ್ದೆವು, ಮೇಜರ್ ಯಾರೆಂದು ಅನೌನ್ಸ್ ಮಾಡಬೇಡಿ ಎಂದು. ನಿರೂಪಕರಿಗೆ ಆ ಮಾತು ತಲುಪಿರಲಿಲ್ಲ. ಎಂಟೂವರೆಗೆ ಪರದೆ ಏಳುವ ಮೊದಲು “ಗಡಿ ಕಾಯುವ ನಮ್ಮೂರ ಮಗ ಇವತ್ತು ನಿಮ್ಮ ಮುಂದೆ” ಎಂದುಬಿಟ್ಟರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಚಪ್ಪಾಳೆ ಅವರಿಗೆ ಸಲ್ಲಬೇಕಾದದ್ದೇ, ಆದರೆ ಗೌರವ ಕೊಟ್ಟ ಕೈಯಲ್ಲೇ ತಕ್ಷಣ ಹೊಟ್ಟೆ ಹಿಡಿದು ನಗಲಿಕ್ಕೆ ಆಗುವುದಿಲ್ಲ. ದಲ್ಲಾಳಿ ಬಂದ, ಕೊಡೆ ಕಾಲರಿನಲ್ಲೇ ಇತ್ತು, ಮೊದಲ ಮಾತು ಬಿತ್ತು. ಮೌನ. ದುರಭ್ಯಾಸದ ಮಾತು, ಅದೇ “ದೋ-ತೀನ್” ತಡೆ. ಮುಂದಿನ ಸಾಲಿನವರು ಪ್ರೀತಿಯಿಂದ ತಲೆ ಆಡಿಸಿದರು.

ಮೇಜರ್ ಹಿಂದೊಮ್ಮೆ ಹೇಳಿದ್ದ ಮಾತು ಆಗ ನೆನಪಾಯಿತು. ರೆಜಿಮೆಂಟಿನ ಬಡಾಖಾನಾದಲ್ಲಿ ಅಧಿಕಾರಿಗಳೂ ಜವಾನರೂ ಒಟ್ಟಿಗೆ ಕೂತು ಉಣ್ಣುತ್ತಾರೆ, ಪ್ರಹಸನ ಆಡುತ್ತಾರೆ. ಅವರು ಹಾಸ್ಯ ಕಲಿತದ್ದೇ ಅಲ್ಲಿ. “ಆದ್ರೆ ಅಲ್ಲಿ ನನ್ನ ಜೋಕಿಗೆ ಎಲ್ಲರೂ ನಗ್ತಾರೆ. ನಕ್ಕದ್ದು ಜೋಕಿಗಾ, ಭುಜದ ಮೇಲಿನ ಪಟ್ಟಿಗಾ, ನಂಗೆ ಗೊತ್ತಾಗುದಿಲ್ಲ. ಊರಿನವರು ಹಾಗಲ್ಲ, ಚಂದ ಇಲ್ಲದಿದ್ರೆ ಚರ್ಮುರಿ ತಿನ್ಲಿಕ್ಕೆ ಎದ್ದು ಹೋಗ್ತಾರೆ.” ರಜೆಯ ದಿನಗಳನ್ನು ಕೊಟ್ಟು ಅವರು ಬರುವುದು ಆ ಪ್ರಾಮಾಣಿಕ ನಗುವಿಗೆ. ಇವತ್ತು ಪಟ್ಟಿ ಅವರಿಗಿಂತ ಮೊದಲೇ ರಂಗಕ್ಕೆ ಬಂದಿತ್ತು.

ಇಂಥ ಹೊತ್ತಿನಲ್ಲಿ ಹೆಚ್ಚಿನ ನಟರು ಸ್ವರ ಏರಿಸುತ್ತಾರೆ, ಮುಂದಿನ ಜೋಕಿಗೆ ಓಡುತ್ತಾರೆ. ಬಯಲಿನಲ್ಲಿ ಇದು ಇನ್ನೂ ಅಪಾಯ. ಗೋಡೆ, ಛಾವಣಿ ಇಲ್ಲದ ಕಡೆ ಬಂದ ನಗುವೂ ರಂಗಕ್ಕೆ ವಾಪಸು ಕೇಳಿಸುವುದಿಲ್ಲ, ಮಂಗಳೂರಿನ ಪುರಭವನದಲ್ಲಿ ತುಂಬಿ ಬರುವ ಸದ್ದು ಇಲ್ಲಿ ಅರ್ಧವೂ ಬಾರದು. ಕೇಳಿಸದ ಕಾರಣ ನಟ ಅವಸರ ಮಾಡುತ್ತಾನೆ, ಜನರ ನಗುವಿನ ಮೇಲೇ ಮುಂದಿನ ಮಾತು ಬಿದ್ದು ಎರಡೂ ಹಾಳಾಗುತ್ತವೆ.

ಮೇಜರ್ ನಿಧಾನ ಮಾಡಿದರು. ಹುಡುಗಿಯ ಅಪ್ಪನಿಗೆ ಮಾತು ಬಿಟ್ಟುಕೊಟ್ಟು ತಾವು ಬೆಂಚಿನ ಕಡೆ ಹೊರಟರು. ಬಲಗಾಲಿನ ಚಪ್ಪಲಿ ಹಿಂದೆ ಉಳಿಯಿತು. ಮೂರು ಹೆಜ್ಜೆ ಹೋದ ಮೇಲೆ ಕಾಲಡಿ ತಣ್ಣಗಾದದ್ದು ತಿಳಿದವರ ಹಾಗೆ ನಿಂತರು. ಕೆಳಗೆ ನೋಡಲಿಲ್ಲ, ಮುಖದಲ್ಲಿ ಹುಡುಗಿಯ ಅಪ್ಪನ ಮಾತಿಗೆ ಗಂಭೀರವಾಗಿ ಹೂಂಗುಟ್ಟುತ್ತಲೇ ಕಾಲನ್ನು ಹಿಂದಕ್ಕೆ ಚಾಚಿ ಬೆರಳಿನಲ್ಲಿ ತಡಕಿದರು. ಚಪ್ಪಲಿ ಸಿಕ್ಕಿತು, ಮಗುಚಿ ಬಿತ್ತು. ಮತ್ತೆ ತಡಕಿದರು. ಸಿಕ್ಕಿದ್ದನ್ನು ಎಡಗಾಲಿಗೆ ಹಾಕಿಕೊಂಡು, ಅಲ್ಲಿದ್ದ ಚಪ್ಪಲಿ ಬಲಗಾಲಿಗೆ ದಾಟಿ, ಎರಡೂ ಅದಲು ಬದಲಾದ ಪಾದಗಳಲ್ಲಿ ಬೆಂಚಿಗೆ ಬಂದು ಕೂತರು. ಚಾಪೆಯ ಮೇಲಿದ್ದ ಒಂದು ಮಗು ಕಿಲಕಿಲ ಎಂದಿತು. ಅದರ ಅಮ್ಮ ನಕ್ಕರು. ಆಮೇಲೆ ಹಿಂದಿನ ಸಾಲು.

ಅಲ್ಲಿಂದ ನಾಟಕ ಹಳಿಗೆ ಬಿತ್ತು. ನಗು ಏರುವಾಗ ಮೇಜರ್ ಎಲೆಅಡಿಕೆ ಚೀಲ ಬಿಚ್ಚುತ್ತಿದ್ದರು, ಪೂರ್ತಿ ಆರಲು ಬಿಡದೆ ಮೂರನೇ ಒಂದು ಪಾಲು ಉಳಿದಾಗ ಮಾತು ಎತ್ತುತ್ತಿದ್ದರು. ಕೇಳಿಸದಿದ್ದರೆ ಮುಂದಿನ ಎರಡು ಸಾಲಿನ ಭುಜ ನೋಡಿದರೆ ಸಾಕು, ನಗು ನಿಲ್ಲುವಾಗ ಭುಜ ನಿಲ್ಲುತ್ತದೆ. ಎರಡನೇ ಅಂಕದಲ್ಲಿ ಅಪ್ಪನ ಪಾತ್ರದವನು ಉತ್ಸಾಹದಲ್ಲಿ ಸ್ಕ್ರಿಪ್ಟ್ ಬಿಟ್ಟು “ಬರುವ ಚುನಾವಣೆಯಲ್ಲಿ ನೀವು ಯಾರ ಕಡೆ?” ಎಂದು ದಲ್ಲಾಳಿಯನ್ನೇ ಕೇಳಿದ. ಇಂಥದ್ದಕ್ಕೆ ಒಂದು ಒಪ್ಪಂದವಿತ್ತು. ಮೇಜರ್ ಕಾಲರಿನಿಂದ ಕೊಡೆ ತೆಗೆದು ಪಟ್ಟೆಂದು ಬಿಡಿಸಿದರು. ಅದು ಉಳಿದ ನಟರಿಗೆ ಸೂಚನೆ, ವಿಷಯ ಬಿಡಿ ಎಂದು. ಜನವರಿಯ ನಕ್ಷತ್ರ ತುಂಬಿದ ಆಕಾಶ ನೋಡಿ, “ಮಳೆ ಬರುವ ಹಾಗುಂಟು, ಒಳಗೆ ಹೋಗುವ” ಎಂದರು. ಆ ರಾತ್ರಿಯ ಅತಿ ದೊಡ್ಡ ನಗು ಅದು.

ಹನ್ನೊಂದೂಕಾಲಕ್ಕೆ ಪರದೆ. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಮೀಸೆಯ ಅಂಚು ನೆನೆಸಿ ಬಿಡಿಸಿದೆವು, ಬಣ್ಣಕ್ಕೆ ತೆಂಗಿನೆಣ್ಣೆ. ಬಲವಂತವಾಗಿ ಕಿತ್ತರೆ ಕೂದಲು ಕಟ್ಟಿದ ಬಲೆ ಹರಿದು ಮೀಸೆ ಇನ್ನೊಂದು ನಾಟಕಕ್ಕೆ ಬರುವುದಿಲ್ಲ. ಅರ್ಧ ಬಣ್ಣ ಉಳಿದ ಮುಖದಲ್ಲೇ ಮೇಜರ್ ಪ್ರಾಂಪ್ಟರ್‌ನ ಹತ್ತಿರ ಫೋನ್ ತೆಗೆದುಕೊಳ್ಳುವ ಮೊದಲು, ನಗು ಬಂದ ಹೊತ್ತು ಗುರುತು ಹಾಕಿದ ಪುಸ್ತಕ ಕೇಳಿದರು.

“ಮೊದಲ ನಗು ಎಷ್ಟನೇ ನಿಮಿಷಕ್ಕೆ ಬಂತು?”

“ಏಳಕ್ಕೆ ಸರ್. ಪುರಭವನದಲ್ಲಿ ಎರಡಕ್ಕೆ ಬಂದಿತ್ತು.”

ಅವರು ತಮ್ಮ ಸಣ್ಣ ಡೈರಿಯಲ್ಲಿ 7 ಎಂದು ಬರೆದು, ಪಕ್ಕದಲ್ಲಿ “ಚಪ್ಪಲಿ, ಮೊದಲ ಪ್ರವೇಶದಲ್ಲೇ” ಎಂದು ಸೇರಿಸಿದರು.