ಬಜೆಟ್ ಸ್ಕಾಚ್ ಹೋಲಿಕೆ: ಬೋರ್ ನೀರಿನ ಕಾಟಕ್ಕೆ ಕೊನೆಗೂ ಮದ್ದು

ಟೀಚರ್ಸ್, ಬ್ಲ್ಯಾಕ್ ಅಂಡ್ ವೈಟ್, ಬ್ಯಾಲಂಟೈನ್ಸ್ ಫೈನೆಸ್ಟ್. ಈ ಮೂರನ್ನು ಅಕ್ಕಪಕ್ಕ ಇಟ್ಟು ಗುಟುಕರಿಸಿದರೆ ಹೊಸಬರಿಗೂ ವ್ಯತ್ಯಾಸ ಗೊತ್ತಾಗಬೇಕು. ಟೀಚರ್ಸ್‌ಗೆ ಬೆನ್ನೆಲುಬು ಆರ್ಡ್‌ಮೋರ್ ಡಿಸ್ಟಿಲರಿಯ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿ. ಅದರ ಬಾರ್ಲಿಯನ್ನು ಪೀಟ್ (ಜೌಗು ನೆಲದಲ್ಲಿ ಕೊಳೆತ ಗಿಡಗಳ ಮಣ್ಣಿನಂಥ ಉರುವಲು) ಹೊಗೆಯಲ್ಲಿ ಒಣಗಿಸುವುದರಿಂದ ಹೊಗೆವಾಸನೆ ಮೊದಲೇ ಮೂಗಿಗೆ ಬಡಿಯುತ್ತದೆ. ಬ್ಯಾಲಂಟೈನ್ಸ್ ಸಿಹಿ, ಸ್ವಲ್ಪ ಸೇಬಿನ ಕಡೆ. ಬ್ಲ್ಯಾಕ್ ಅಂಡ್ ವೈಟ್ ಹಗುರ. ಆದರೆ ದಾವಣಗೆರೆಯ ಮನೆಯಲ್ಲಿ ನೀರು ಬೆರೆಸಿದ ಕೂಡಲೇ ಮೂರೂ ಸಪ್ಪೆ, ನಾಲಿಗೆಗೆ ಸುಣ್ಣ ಸವರಿದ ಹಾಗೆ. ಗ್ಲಾಸು, ಐಸು, ಬಾಟಲಿ ಎಲ್ಲ ಬದಲಾಯಿಸಿದರೂ ಅದೇ ಹಾಡು. ಕಳ್ಳ ಸಿಕ್ಕಿದ್ದು ಬೋರ್ ನೀರಿನಲ್ಲಿ.

ಲೇಬಲ್ ಓದುವುದು ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸೋಣ. ಸ್ಕಾಟ್ಲೆಂಡಿನಲ್ಲೇ ಭಟ್ಟಿ ಇಳಿಸಿ, ಅಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟದ್ದಾದರೆ, ಬಾಟಲಿಗೆ ತುಂಬಿದ್ದು ಭಾರತದಲ್ಲಾದರೂ ಅದು ಸ್ಕಾಚೇ. ಒಂದೇ ಡಿಸ್ಟಿಲರಿಯ ಮಾಲ್ಟ್ ಆದ ಸಿಂಗಲ್ ಮಾಲ್ಟ್ ಮಾತ್ರ 2012ರ ನವೆಂಬರ್‌ನಿಂದ ಅಲ್ಲೇ ಬಾಟಲಿಯಾಗಬೇಕು. ಹೊಸಬರ ದುಡ್ಡಿಗೆ ಇಲ್ಲಿ ತುಂಬಿದ ಬ್ಲೆಂಡೇ (ಹಲವು ವಿಸ್ಕಿಗಳ ಮಿಶ್ರಣ) ಲೇಸು. ಇವು ಸಾಮಾನ್ಯವಾಗಿ 750 ಎಂ.ಎಲ್., ಶೇ 42.8; ಅಂದರೆ 321 ಎಂ.ಎಲ್. ಶುದ್ಧ ಆಲ್ಕೋಹಾಲ್. ಅಲ್ಲಿಂದಲೇ ತುಂಬಿಕೊಂಡು ಬರುವ 700 ಎಂ.ಎಲ್., ಶೇ 40ರ ಬಾಟಲಿಯಲ್ಲಿ 280. 750ರ ಫುಲ್ ಬಾಟಲಿಯ ಎಂ.ಆರ್.ಪಿ.ಯನ್ನು 25ರಿಂದ ಭಾಗಿಸಿದರೆ 30 ಎಂ.ಎಲ್.ಗೆ ಎಷ್ಟು ಬೀಳುತ್ತದೆಂದು ಗೊತ್ತಾಗುತ್ತದೆ. ಸ್ಕಾಚ್ ಬೆರೆಸಿದ ದೇಶಿ ವಿಸ್ಕಿಯನ್ನು ಈ ಸಾಲಿಗೆ ಸೇರಿಸಬೇಡಿ.

ಈಗ ನೀರಿಗೆ ಬರೋಣ. ದಾವಣಗೆರೆ, ಚಿತ್ರದುರ್ಗದ ಕಡೆ ಬೋರ್ ನೀರು ಬಹುತೇಕ ಗಡಸು. ಬೇಳೆ ಬೇಯಲ್ಲ ಅಂತ ಅಡುಗೆಮನೆಯಲ್ಲಿ ಯಾವ ನೀರನ್ನು ಬಯ್ಯುತ್ತಾರೋ ಅದೇ ನೀರು ವಿಸ್ಕಿಯನ್ನೂ ಕೆಡಿಸುತ್ತದೆ. ಅದರಲ್ಲಿನ ಬೈಕಾರ್ಬೊನೇಟ್ ವಿಸ್ಕಿಯಲ್ಲಿರುವ ಅಲ್ಪಸ್ವಲ್ಪ ಆಮ್ಲವನ್ನು ತಿಂದುಹಾಕುತ್ತದೆ, ಹಣ್ಣಿನ ಚುರುಕು ಹೋಗುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಓಕ್ ಮರದ ಟ್ಯಾನಿನ್ ಜೊತೆ ಸೇರಿ ಬಣ್ಣವೂ ಕೆಡುತ್ತದೆ. ಗ್ಲಾಸನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ: ಜೇನಿನ ಬಣ್ಣ ಇರಬೇಕಾದಲ್ಲಿ ಹಸಿರುಗಪ್ಪು ಛಾಯೆ ಕಂಡರೆ ಆ ನೀರನ್ನು ಮುಟ್ಟಲೇಬೇಡಿ.

ನಲ್ಲಿ ನೀರಿನದು ಇನ್ನೊಂದು ಪೇಚು. ದಾವಣಗೆರೆಯವರಿಗೆ ಕುಂದವಾಡ ಕೆರೆಯ ನೀರೇ ಬರಲಿ, ಚಿತ್ರದುರ್ಗದವರಿಗೆ ಶಾಂತಿಸಾಗರದ್ದೇ ಬರಲಿ, ಕ್ಲೋರಿನ್ ವಾಸನೆ ಇದ್ದೇ ಇರುತ್ತದೆ. ಅದಕ್ಕೂ ಪೀಟ್‌ನ ಔಷಧಿ ವಾಸನೆಗೂ ಹೊಸಬರ ಮೂಗಿಗೆ ವ್ಯತ್ಯಾಸ ಸಿಗುವುದಿಲ್ಲ. ಬ್ಯಾಲಂಟೈನ್ಸ್‌ನಲ್ಲೂ ಹೊಗೆ ಇದೆ ಅನ್ನಿಸಿಬಿಡುತ್ತದೆ. ಬಾಯಿ ತೆರೆದ ಪಾತ್ರೆಯಲ್ಲಿ ರಾತ್ರಿಯಿಡೀ ಬಿಟ್ಟರೆ ಕ್ಲೋರಿನ್ ಬಹುಪಾಲು ಹೋಗುತ್ತದೆ. ಬೋರ್ ನೀರನ್ನು ಕುದಿಸಿ ಆರಿಸಿ, ತಳದ ಗಸಿ ಬಿಟ್ಟು ಬಸಿದುಕೊಂಡರೆ ಬೈಕಾರ್ಬೊನೇಟ್‌ನ ಗಡಸು ಇಳಿಯುತ್ತದೆ, ಸಲ್ಫೇಟ್‌ನದು ಇಳಿಯುವುದಿಲ್ಲ. ಹಾಗಾಗಿ ಆರ್.ಒ. ನೀರೇ ಗತಿ.

ಅದೂ ಕಣ್ಣುಮುಚ್ಚಿ ಅಲ್ಲ. ಒಬ್ಬರೇ ಪೂರೈಕೆದಾರರ 20 ಲೀಟರ್ ಕ್ಯಾನು ಒಂದು ವಾರ ಟಿ.ಡಿ.ಎಸ್. (ನೀರಿನಲ್ಲಿ ಕರಗಿರುವ ಲವಣಾಂಶ) ಅಳೆಯುವ ಪೆನ್ನಿಗೆ 40 ತೋರಿಸಿ ಮುಂದಿನ ವಾರ 300 ದಾಟುತ್ತದೆ. ಕೇಳಿದರೆ 'ಎಲ್ಲಾ ಒಂದೇ ನೀರು ಸಾರ್' ಅನ್ನುವ ಉತ್ತರ. ಆರ್.ಒ. ಯಂತ್ರದಲ್ಲಿ ನೀರು ಸೋಸುವ ಮೆಂಬ್ರೇನ್ ಬದಲಾಯಿಸದೆ ದುಡ್ಡು ಎಣಿಸುವುದು ಅನ್ಯಾಯ. ಕುಡಿಯುವ ನೀರಿಗೆ ಐ.ಎಸ್. 10500 ಮಾನದಂಡ 500ರವರೆಗೆ ಒಪ್ಪುತ್ತದೆ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ. ಹೋಲಿಕೆಗೆ ಮಾತ್ರ 50ರ ಒಳಗಿರಲಿ. ಐಸನ್ನೂ ಅದೇ ನೀರಿನಲ್ಲಿ ಮಾಡಿ.

ಅಳತೆಗೆ ಮೆಡಿಕಲ್ ಶಾಪಿನ ಸೂಜಿಯಿಲ್ಲದ 5 ಎಂ.ಎಲ್. ಸಿರಿಂಜು ಸಾಕು. ಶೇ 42.8ರ 30 ಎಂ.ಎಲ್.ಗೆ 6.7 ಎಂ.ಎಲ್. ನೀರು ಹಾಕಿದರೆ ಶೇ 35, 12.8 ಹಾಕಿದರೆ ಶೇ 30. ವಾಸನೆ ಮಾತ್ರ ಹೋಲಿಸಲು 34 ಎಂ.ಎಲ್. ಹಾಕಿ ಶೇ 20ಕ್ಕೆ ಇಳಿಸಿ; ವಿಸ್ಕಿ ಬೆರೆಸುವ ಪರಿಣತರಾದ ಬ್ಲೆಂಡರ್‌ಗಳು ಮೂಗಿನ ಪರೀಕ್ಷೆ ಮಾಡುವುದು ಅಷ್ಟರ ಆಸುಪಾಸಿನಲ್ಲೇ. ನೀರು ಹಾಕಿದರೆ ಹೊಗೆವಾಸನೆ ಏಕೆ ಏಳುತ್ತದೆ ಎಂಬುದನ್ನು ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದವರು 2017ರಲ್ಲಿ ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ನೋಡಿದ್ದಾರೆ: ಆಲ್ಕೋಹಾಲ್ ಶೇ 45ರೊಳಗಿದ್ದರೆ ಹೊಗೆಯ ವಾಸನೆಯ ಗ್ವಾಯಕಾಲ್ ಅಣುಗಳು ದ್ರವದ ಮೇಲ್ಭಾಗಕ್ಕೆ ಬಂದು ಕೂರುತ್ತವೆ.

ನಮ್ಮ ಬೇಸಿಗೆಯಲ್ಲಿ ಸೆಕೆಯ ಕೋಣೆಯಲ್ಲಿ ಸುರಿದರೆ ಆಲ್ಕೋಹಾಲ್ ಆವಿಯೇ ಮೂಗಿಗೆ ಚುಚ್ಚುತ್ತದೆ. ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು 20ರಿಂದ 22 ಡಿಗ್ರಿಗೆ ತನ್ನಿ. ಪೂರ್ತಿ ತಣ್ಣಗಾದರೆ ವಾಸನೆಯೇ ಏಳದು.

ಜೊತೆಗೆ ಮಿರ್ಚಿ, ಖಾರ ಮಂಡಕ್ಕಿ ಬೇಡ. ಊರಿನವರಿಗೆ ಕಷ್ಟದ ಮಾತು, ಗೊತ್ತು. ಮೆಣಸಿನಕಾಯಿಯ ಉರಿ ಆಲ್ಕೋಹಾಲ್‌ನಿಂದ ಇನ್ನೂ ಏರುತ್ತದೆ, ಮುಂದಿನ ಗುಟುಕಿನ ರುಚಿ ಸಿಗುವುದಿಲ್ಲ. ಒಗ್ಗರಣೆ ಹಾಕದ ಬರೀ ಮಂಡಕ್ಕಿ ಮಾತ್ರ ನಾಲಿಗೆ ತೊಳೆಯಲು ಬಿಸ್ಕತ್ತಿಗಿಂತ ಒಳ್ಳೆಯದು.

ಇಷ್ಟೆಲ್ಲ ಸರಿಹೋದ ಮೇಲೆ ಮೌಲ್ಯದ ಪ್ರಶ್ನೆ ಸುಲಭ. ಮೂರು ಗ್ಲಾಸು, ಎರಡರಲ್ಲಿ ಅಗ್ಗದ್ದು, ಒಂದರಲ್ಲಿ ದುಬಾರಿ. ಸುರಿಯುವವರು ಬೇರೆ, ಕುಡಿಯುವವರು ಬೇರೆ. 10 ಎಂ.ಎಲ್. ಸಾಕು. ಬೇರೆಯದನ್ನು ಸತತ ಮೂರು ಸುತ್ತು ಸರಿಯಾಗಿ ಹುಡುಕುವುದು ಬರೀ ಅದೃಷ್ಟದಿಂದಾಗುವ ಸಾಧ್ಯತೆ 27ರಲ್ಲಿ 1. ಹುಡುಕಲಾಗದಿದ್ದರೆ ಅಗ್ಗದ್ದನ್ನೇ ಕೊಳ್ಳಿ. ಒಳ್ಳೆಯ ನೀರಿನಲ್ಲಿ ಟೀಚರ್ಸ್ ಬೆಲೆಗೆ ಮೀರಿದ ಮಾಲು, ಹೊಗೆ ಹಿಡಿಸುವುದಾದರೆ. ಹಿಡಿಸದಿದ್ದರೆ ಬ್ಯಾಲಂಟೈನ್ಸ್. ಜಾನಿ ವಾಕರ್ ರೆಡ್ ಸೋಡಾಕ್ಕೆ ಸರಿ, ನೀರಿಗೆ ಒರಟು. ಅದಕ್ಕೆ ಕೊಡುವ ದುಡ್ಡು ಕೂಡಿಟ್ಟು 12 ವರ್ಷದ ಜಾನಿ ವಾಕರ್ ಬ್ಲ್ಯಾಕ್ ತರುವುದು ವಾಸಿ.

ಅಂಗಡಿಯವರಿಗೊಂದು ಮಾತು: ಸ್ಕಾಚ್ ಬಾಟಲಿಗಳನ್ನು ಬಿಸಿಲು ಬೀಳುವ ಶೋಕೇಸಿನಲ್ಲಿ ಇಡಬೇಡಿ. ಕೊಳ್ಳುವವರು ಒಳಗಿನ ರ‍್ಯಾಕಿನದನ್ನೇ ಕೇಳಿ ಪಡೆಯಿರಿ.

ಮುಂದಿನ ಸುತ್ತಿಗೆ ಮನಸ್ಸು ಆಗಲೇ ಬೆಂಗಳೂರಿನ ಅಮೃತ್ ಫ್ಯೂಷನ್ ಸಿಂಗಲ್ ಮಾಲ್ಟ್ ಕಡೆ ಓಡಿದೆ. ಭಾರತದ ಬಾರ್ಲಿಯ ಜೊತೆ ಸ್ಕಾಟ್ಲೆಂಡಿನ ಪೀಟ್ ಬಾರ್ಲಿ, ಆಲ್ಕೋಹಾಲ್ ಶೇ 50. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಶೇ 10 ದಾಟುತ್ತದೆ, ಮಾಗುವುದೂ ಬೇಗ. ಅದರ 30 ಎಂ.ಎಲ್.ಗೆ ಶೇ 35 ಆಗಲು 12.9 ಎಂ.ಎಲ್. ನೀರು ಬೇಕು. ಪಕ್ಕದಲ್ಲಿ ಟೀಚರ್ಸ್, ನೀರು ಎರಡಕ್ಕೂ ಅದೇ ಕ್ಯಾನಿನದ್ದು.