ಚೆರೋಕೀ ಪ್ರಾಜೆಕ್ಟ್: ಡಾನಾ 35 ಹೋಗಿ ಫೋರ್ಡ್ 8.8 ಬರ್ತಿದೆ

ಫೀನಿಕ್ಸ್‌ನಲ್ಲಿ ಚಳಿಗಾಲ ಅಂದರೆ ಗ್ಯಾರೇಜ್ ಕೆಲಸದ ಕಾಲ. ಬೇಸಿಗೆಯಲ್ಲಿ ಸ್ಪ್ಯಾನರ್ ಹಿಡಿದರೆ ಕೈ ಸುಡುತ್ತದೆ. ಹಾಗಾಗಿ ಈ ಚಳಿಗಾಲವನ್ನು ನನ್ನ 1996ರ ಜೀಪ್ ಚೆರೋಕೀಯ ಹಿಂದಿನ ಹೌಸಿಂಗ್‌ಗೆ, ಅಂದರೆ ಎರಡು ಚಕ್ರಗಳ ನಡುವೆ ಗೇರು, ಆಕ್ಸಲ್ ಶಾಫ್ಟ್ ಎಲ್ಲ ಕೂರುವ ಕವಚಕ್ಕೆ, ಮೀಸಲಿಟ್ಟಿದ್ದೇನೆ. ಗಾಡಿ ಎಕ್ಸ್‌ಜೆ ಮಾಡೆಲ್, 4 ಲೀಟರ್‌ನ ಆರು ಸಿಲಿಂಡರ್ ಇಂಜಿನ್, ಆಟೋಮ್ಯಾಟಿಕ್ ಗೇರ್. ನಾಲ್ಕೂವರೆ ಇಂಚು ಎತ್ತರಿಸಿ ಆಗಿದೆ. ಈಗ 31 ಇಂಚಿನ ಟೈರ್ ಇದೆ. 33 ಹಾಕಬೇಕು, ಹಿಂದೆ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಂಧಿಸುವ ಸಾಧನ) ಕೂರಿಸಬೇಕು ಅಂತ ಆಸೆ. ಇವೆರಡೂ ಆಗಬೇಕಾದರೆ ಮೊದಲು ಹೌಸಿಂಗ್ ಬದಲಾಗಬೇಕು.

ಈ ಗಾಡಿಯಲ್ಲಿರುವುದು ಡಾನಾ 35 ಅನ್ನುವ ಹೌಸಿಂಗ್. ಆಫೀಸಿಗೆ, ಅಂಗಡಿಗೆ, ಮಣ್ಣು ರಸ್ತೆಗೆ ಅದು ಸಾಕು. ಆದರೆ ಚಕ್ರ ತಿರುಗಿಸುವ ಅದರ ಆಕ್ಸಲ್ ಶಾಫ್ಟ್ ದಪ್ಪ 1.18 ಇಂಚು ಮಾತ್ರ, 27 ಸ್ಪ್ಲೈನ್ (ಶಾಫ್ಟ್ ತುದಿಯ ಹಲ್ಲುಗಳು). ಲಾಕರ್ ಹಾಕಿದ ಮೇಲೆ ಒಂದು ಚಕ್ರ ಗಾಳಿಯಲ್ಲಿದ್ದರೆ ಇಂಜಿನ್ನಿನ ಪೂರ್ತಿ ಜೋರು ಇನ್ನೊಂದು ಶಾಫ್ಟ್ ಮೇಲೇ ಬೀಳುತ್ತದೆ. ನಮ್ಮ ಸಕಲೇಶಪುರದ ಕಡೆಯ ಕೆಸರಲ್ಲಿ ಟೈರ್ ಜಾರಿಬಿಡುತ್ತದೆ, ಶಾಫ್ಟ್ ಬಚಾವಾಗುತ್ತದೆ. ಯೂಟಾದ ಮೋಆಬ್‌ನ ಮರಳುಗಲ್ಲಿನ ಮೇಲೆ ಹಾಗಲ್ಲ. ಅಲ್ಲಿ ಟೈರ್ ಹಲ್ಲಿಯ ಹಾಗೆ ಕಚ್ಚಿ ಹಿಡಿಯುತ್ತದೆ. ಯಾವುದೋ ಒಂದು ಸೋಲಲೇಬೇಕು, ಸೋಲುವುದು ಶಾಫ್ಟ್.

ಇನ್ನೊಂದು ವಿಷಯ. ಡಾನಾ 35ರ ಶಾಫ್ಟ್‌ಗಳನ್ನು ಒಳಗೆ ಹಿಡಿದಿಡುವುದು ಸಿ ಆಕಾರದ ಒಂದು ಚಿಕ್ಕ ಕ್ಲಿಪ್. ಶಾಫ್ಟ್ ತುಂಡಾದರೆ ಹೊರಗಿನ ತುಂಡಿಗೆ ಆ ಹಿಡಿತವೇ ಇರುವುದಿಲ್ಲ. ಚಕ್ರದ ಸಮೇತ ಮೆಲ್ಲಗೆ ಹೊರಗೆ ಜಾರುತ್ತದೆ. ಇದು ಬರೀ ರಿಪೇರಿ ಖರ್ಚಿನ ಮಾತಲ್ಲ, ಪಕ್ಕದ ಸೀಟಿನಲ್ಲಿ ಮನೆಯವರು ಕೂತಿರುತ್ತಾರೆ.

ಸರಿ, ಹಾಗಾದರೆ ಯಾವುದು ಹಾಕೋದು? ಇದಕ್ಕೇ ಜಾಸ್ತಿ ಟೈಮ್ ಹೋಯಿತು.

ವೆಲ್ಡಿಂಗ್ ಗೊಡವೆ ಬೇಡ ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಕ್ರೈಸ್ಲರ್ 8.25 (ಈ ಸಂಖ್ಯೆ ಒಳಗಿನ ದೊಡ್ಡ ಗೇರಿನ ಅಗಲ, ಇಂಚಿನಲ್ಲಿ). ಎಕ್ಸ್‌ಜೆಗೇ ಬಂದ ಹೌಸಿಂಗ್. ಹಳೆಯದನ್ನು ಬಿಚ್ಚಿ ಇದನ್ನು ಬೋಲ್ಟ್ ಮಾಡಿದರೆ ಮುಗಿಯಿತು. 1997ರಿಂದ 2001ರವರೆಗಿನ ಗಾಡಿಗಳದ್ದೇ ಹುಡುಕಿ, ಅವುಗಳಲ್ಲಿ 29 ಸ್ಪ್ಲೈನ್ ಶಾಫ್ಟ್ ಇರುತ್ತದೆ. ಅದಕ್ಕಿಂತ ಹಳೆಯದರಲ್ಲಿ 27 ಸ್ಪ್ಲೈನ್, ಅದನ್ನು ಹಾಕುವುದೂ ಒಂದೇ, ಡಾನಾ 35 ಇಟ್ಟುಕೊಳ್ಳುವುದೂ ಒಂದೇ. 31 ಇಂಚಿನ ಟೈರ್‌ನಲ್ಲೇ ಇರುತ್ತೇನೆ ಅನ್ನುವವರು ಇಲ್ಲಿಗೇ ನಿಲ್ಲಬಹುದು.

ಹಾಸನದಲ್ಲಿರುವ ತಮ್ಮ ವೀಡಿಯೊ ಕಾಲ್‌ನಲ್ಲಿ ಕೇಳಿದ: "ಅಣ್ಣಾ, ಡಾನಾ 44 ಯಾಕೆ ಬೇಡ?" ನ್ಯಾಯವಾದ ಪ್ರಶ್ನೆ. 1987ರಿಂದ 1989ರ ನಡುವೆ ಟೋಯಿಂಗ್ ಪ್ಯಾಕೇಜ್ ಇದ್ದ ಕೆಲವು ಎಕ್ಸ್‌ಜೆಗಳಿಗೆ ಡಾನಾ 44 ಬಂದಿತ್ತು. 30 ಸ್ಪ್ಲೈನ್, ಸಿ ಕ್ಲಿಪ್ ಇಲ್ಲ, ಸೀದಾ ಕೂರುತ್ತದೆ. ನನಗೂ ಅದರ ಮೇಲೆ ಪ್ರೀತಿ. ಆದರೆ ಅಂಥ ಗಾಡಿಗಳೇ ಕಮ್ಮಿ, ಗುಜರಿಗೆ ಬಂದ ದಿನವೇ ಯಾರೋ ಎತ್ತಿಕೊಂಡು ಹೋಗಿರುತ್ತಾರೆ. ಸಿಕ್ಕರೂ ಹಳೆ ಡ್ರಮ್ ಬ್ರೇಕ್. ಫೋರ್ಡ್ 9 ಇಂಚು ಗಟ್ಟಿ, ಆದರೆ ಅದರ ಪಿನಿಯನ್ (ಇಂಜಿನ್ ಕಡೆಯ ಡ್ರೈವ್‌ಶಾಫ್ಟ್ ಬಂದು ಸೇರುವ ಚಿಕ್ಕ ಗೇರು) ತುಂಬಾ ಕೆಳಗೆ ಕೂರುತ್ತದೆ, ಡ್ರೈವ್‌ಶಾಫ್ಟ್ ಕೋನ ಕೆಡುತ್ತದೆ. ಡಾನಾ 60 ಈ ಹಗುರ ಗಾಡಿಗೆ ಸುಮ್ನೆ ಭಾರ.

ಉಳಿದದ್ದು ಫೋರ್ಡ್ 8.8. ಅದೂ 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಯದ್ದು. ಶಾಫ್ಟ್ 31 ಸ್ಪ್ಲೈನ್, 1.32 ಇಂಚು ದಪ್ಪ. ತಿರುಚುವ ಜೋರನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಕಬ್ಬಿಣ ಒಂದೇ ಗುಣದ್ದಾದರೆ 1.18ರಿಂದ 1.32ಕ್ಕೆ ಹೋದಾಗ ಶಕ್ತಿ ಸುಮಾರು 40 ಪರ್ಸೆಂಟ್ ಜಾಸ್ತಿ. ನೋಡೋಕೆ ಕೂದಲೆಳೆಯ ವ್ಯತ್ಯಾಸ, ಅಲ್ವಾ? ಶಾಫ್ಟನ್ನು ಒಳಗಿಟ್ಟುಕೊಂಡಿರುವ ಟ್ಯೂಬ್ ಕೂಡ 3.25 ಇಂಚು, ಡಾನಾ 35ರದ್ದಕ್ಕಿಂತ ಎಷ್ಟೋ ದಪ್ಪ. ಚಕ್ರದ ಬೋಲ್ಟ್ ಅಳತೆ ಜೀಪಿನದ್ದೇ, ನಾಲ್ಕೂವರೆ ಇಂಚಿನ ವೃತ್ತದಲ್ಲಿ ಐದು ಬೋಲ್ಟ್. ಅಗಲ ಒಂದು ಇಂಚಿನಷ್ಟು ಕಮ್ಮಿ ಇರಬಹುದು, ಅದು ಗಮನಕ್ಕೇ ಬರಲ್ಲ. ಮೇಲಿಂದ ಡಿಸ್ಕ್ ಬ್ರೇಕ್ ಪುಕ್ಕಟೆ. ಇದರಲ್ಲೂ ಸಿ ಕ್ಲಿಪ್ಪೇ ಇದೆ, ಆದರೆ ಶಾಫ್ಟ್ ಮುರಿದರೂ ಕ್ಯಾಲಿಪರ್ ಡಿಸ್ಕನ್ನು ಕಚ್ಚಿಕೊಂಡಿರುವುದರಿಂದ ಚಕ್ರ ಅಷ್ಟು ಸುಲಭವಾಗಿ ಹೊರಗೆ ಬರುವುದಿಲ್ಲ. ಮಸ್ಟ್ಯಾಂಗ್, ಎಫ್-150ಗಳಲ್ಲೂ ಇದೇ 8.8 ಇದ್ದದ್ದರಿಂದ ಗೇರು, ಲಾಕರು, ಬೇರಿಂಗು ಯಾವುದಕ್ಕೂ ಅಲೆಯಬೇಕಿಲ್ಲ.

ಗುಜರಿಯಲ್ಲಿ ಎಕ್ಸ್‌ಪ್ಲೋರರ್ ಸಾಲು ಸಾಲಾಗಿ ನಿಂತಿರುತ್ತವೆ. ಡಿಫ್ ಕವರ್‌ನ (ಹೌಸಿಂಗ್ ನಡುವಿನ ಮುಚ್ಚಳ) ಒಂದು ಬೋಲ್ಟಿಗೆ ಚಿಕ್ಕ ತಗಡಿನ ಟ್ಯಾಗ್ ಸಿಕ್ಕಿಸಿರುತ್ತಾರೆ. ಗ್ರೀಸ್, ಧೂಳು ಮೆತ್ತಿ ಅದು ಕಾಣುವುದೇ ಇಲ್ಲ. ಹೆಬ್ಬೆರಳಿನಿಂದ ಉಜ್ಜಿದಾಗ 3ಎಲ್73 ಅಂತ ಕಂಡಿತು. ಅಂದರೆ ರೇಶಿಯೊ 3.73 (ಚಕ್ರ ಒಂದು ಸುತ್ತು ಹೋಗಲು ಡ್ರೈವ್‌ಶಾಫ್ಟ್ 3.73 ಸುತ್ತು), ನಡುವಿನ ಎಲ್ ಅಂದರೆ ಲಿಮಿಟೆಡ್ ಸ್ಲಿಪ್, ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ವ್ಯವಸ್ಥೆ. ಟ್ಯಾಗ್ ಬಿದ್ದುಹೋಗಿದ್ದರೆ ಡ್ರೈವರ್ ಬಾಗಿಲಿನ ಸ್ಟಿಕರ್ ನೋಡಿ. ಆಕ್ಸಲ್ ಕೋಡ್ ಡಿ4 ಇದ್ದರೆ ಇದೇ ಹೌಸಿಂಗ್, ಡಿ2 ಇದ್ದರೆ 4.10 ರೇಶಿಯೊ. ಜನ 4.10 ಹುಡುಕಿ ಸುಸ್ತಾಗುತ್ತಾರೆ. ನನ್ನ ಲೆಕ್ಕ ಬೇರೆ. ಈ ಗಾಡಿಯ ಕಂಪನಿ ರೇಶಿಯೊ 3.55, ಟೈರ್ 28 ಇಂಚು ಚಿಲ್ಲರೆ. 33ಕ್ಕೆ ಹೋದರೆ 4.10 ಹಾಕಿದಾಗ ಮೊದಲಿನ ಎಳೆತ ಮಾತ್ರ ವಾಪಸ್ ಬರುತ್ತದೆ. ಕಲ್ಲು ಹತ್ತಬೇಕು, ಸಾಮಾನು ಹೇರಬೇಕು ಅಂದರೆ 4.56 ಬೇಕು. ಮುಂದಿನ ಚಕ್ರಗಳ ಹೌಸಿಂಗ್ ಡಾನಾ 30ಕ್ಕೂ ಅದೇ ರೇಶಿಯೊ ಹಾಕಲೇಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಮುಂದೆ ಹಿಂದೆ ಜಗಳ. ಡಾನಾ 30ರಲ್ಲಿ 3.73 ಮತ್ತು ಅದರಿಂದ ಮೇಲಿನ ರೇಶಿಯೊಗೆ ಕ್ಯಾರಿಯರ್ (ದೊಡ್ಡ ಗೇರನ್ನು ಹೊತ್ತ ಒಳಭಾಗ) ಕೂಡ ಬೇರೆ, ಆ ಖರ್ಚನ್ನೂ ಸೇರಿಸಿಕೊಳ್ಳಿ. ಹೇಗೂ ರೇಶಿಯೊ ಕೊಡುವ ಕ್ರೌನ್ ಪಿನಿಯನ್ ಗೇರ್ ಜೋಡಿ ಬದಲಾಗುತ್ತದೆ ಅಂದಮೇಲೆ ಗುಜರಿಯಲ್ಲಿ ರೇಶಿಯೊ ಹಿಂದೆ ಬೀಳುವುದು ಯಾಕೆ? ನಾನು ನೋಡಿದ್ದು ಟ್ಯೂಬ್ ಬಾಗಿಲ್ಲವಾ, ಶಾಫ್ಟಿನಲ್ಲಿ ಬೇರಿಂಗ್ ಓಡುವ ಜಾಗ ಸವೆದಿಲ್ಲವಾ, ಪಾರ್ಕಿಂಗ್ ಬ್ರೇಕ್ ಸಾಮಾನು ಪೂರ್ತಿ ಇದೆಯಾ ಅಂತ.

ಮನೆಗೆ ತಂದ ಮೇಲೆ ಗ್ರೈಂಡರ್ ಕೆಲಸ. ಎಕ್ಸ್‌ಪ್ಲೋರರ್‌ನಲ್ಲಿ ಸ್ಪ್ರಿಂಗ್ ಪಟ್ಟಿಗಳು ಹೌಸಿಂಗ್ ಕೆಳಗೆ, ನಮ್ಮ ಎಕ್ಸ್‌ಜೆಯಲ್ಲಿ ಮೇಲೆ. ಹಾಗಾಗಿ ಹಳೆ ಬ್ರಾಕೆಟ್ ಎಲ್ಲ ಕತ್ತರಿಸಿ, ಟ್ಯೂಬಿಗೆ ಏಟು ಬೀಳದ ಹಾಗೆ ಮಟ್ಟ ಮಾಡಿದ್ದಾಯಿತು.

ಮುಂದಿನದು ನನಗೆ ಬಹಳ ಮುಖ್ಯ ಅನ್ನಿಸಿದ ಕೆಲಸ. 8.8ರ ನಡುವೆ ಗೇರು ಕೂರುವ ಗುಂಡಗಿನ ಭಾಗ ಎರಕದ ಕಬ್ಬಿಣ. ಉಕ್ಕಿನ ಟ್ಯೂಬುಗಳನ್ನು ಅದರೊಳಗೆ ಒತ್ತಿ, ಕೆಲವು ತೂತುಗಳಲ್ಲಿ ಮಾತ್ರ ವೆಲ್ಡ್ ಮಾಡಿರುತ್ತಾರೆ. ದೊಡ್ಡ ಟೈರ್, ಲಾಕರ್ ಸೇರಿದರೆ ಟ್ಯೂಬು ಒಳಗೇ ತಿರುಗುವ ಸಾಧ್ಯತೆ ಇದೆ. ಇದನ್ನು ಪಳಗಿದ ವೆಲ್ಡರ್ ಒಬ್ಬರ ಕೈಯಲ್ಲಿ ಮಾಡಿಸಿದೆ. ಅವರು ಮೊದಲು ಎರಕವನ್ನು ಟಾರ್ಚ್ ಇಟ್ಟು ನಿಧಾನಕ್ಕೆ ಕಾಯಿಸಿದರು. ನಿಕಲ್ ರಾಡ್‌ನಲ್ಲಿ ಒಂದು ಇಂಚು ಹಾಕುವುದು, ಚಿಕ್ಕ ಸುತ್ತಿಗೆಯಿಂದ ಆ ಗೆರೆಯನ್ನು ತಟ್ಟುವುದು, ಎದುರು ಬದಿಗೆ ಹೋಗಿ ಇನ್ನೊಂದು ಇಂಚು ಹಾಕುವುದು. ಕೊನೆಗೆ ವೆಲ್ಡಿಂಗ್ ಕಂಬಳಿ ಹೊದಿಸಿಬಿಟ್ಟರು, ಬೆಳಗಿನವರೆಗೆ ತೆಗೆಯಬೇಡಿ ಅಂದರು. ಎರಕ ಬೇಗ ತಣ್ಣಗಾದರೆ ವೆಲ್ಡ್ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಒಂದೂ ಬಿರುಕಿಲ್ಲ. ಆ ಕೈಗೆ ನಮಸ್ಕಾರ.

ಈಗ ಹೌಸಿಂಗ್ ಗಾಡಿಯ ಕೆಳಗಿದೆ. ಹೊಸ ಪರ್ಚ್‌ಗಳನ್ನು (ಸ್ಪ್ರಿಂಗ್ ಕೂರುವ ಪೀಠ) ಇನ್ನೂ ವೆಲ್ಡ್ ಮಾಡಿಲ್ಲ, ಟ್ಯೂಬ್ ಮೇಲೆ ಸಡಿಲವಾಗಿ ಕೂರಿಸಿ ಯು ಬೋಲ್ಟ್ ಅರ್ಧ ಬಿಗಿ ಮಾಡಿದ್ದೇನೆ. ಗಾಡಿಯ ಪೂರ್ತಿ ಭಾರ ಸ್ಪ್ರಿಂಗ್ ಮೇಲೆ ಬಿದ್ದಾಗಲೇ ಪಿನಿಯನ್ ಕೋನ ಅಳೆಯಬೇಕು. ಜಾಕಿ ಮೇಲೆ ಅಳೆದರೆ ಅದು ಸುಳ್ಳು ಲೆಕ್ಕ. ಎತ್ತರಿಸಿದಾಗಲೇ ಟ್ರಾನ್ಸ್‌ಫರ್ ಕೇಸ್‌ಗೆ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಸ್ಲಿಪ್ ಯೋಕ್ ಎಲಿಮಿನೇಟರ್ (ಒಳಗೆ ಜಾರುವ ತುದಿಯ ಬದಲು ಗಟ್ಟಿಯಾಗಿ ಕೂರುವ ಯೋಕ್ ಕೊಡುವ ಕಿಟ್) ಹಾಕಿ, ಆ ತುದಿಯಲ್ಲಿ ಜೋಡಿ ಜಾಯಿಂಟ್ ಇರುವ ಡ್ರೈವ್‌ಶಾಫ್ಟ್ ಹಾಕಿದ್ದೆ. ಹಾಗಾಗಿ ಪಿನಿಯನ್ ಮೂತಿ ಸೀದಾ ಟ್ರಾನ್ಸ್‌ಫರ್ ಕೇಸ್ ಕಡೆ ನೋಡಬೇಕು, ಒಂದೆರಡು ಡಿಗ್ರಿ ಕೆಳಗೆ. ಆಕ್ಸಿಲರೇಟರ್ ಒತ್ತಿದಾಗ ಸ್ಪ್ರಿಂಗ್ ತಿರುಚಿಕೊಂಡು ಮೂತಿ ಮೇಲೇಳುತ್ತದೆ, ಆ ಜಾಗ ಬಿಟ್ಟುಕೊಡಲಿಕ್ಕೆ. ಸಾಮಾನ್ಯ ಎರಡು ಜಾಯಿಂಟ್‌ನ ಶಾಫ್ಟ್ ಇರುವವರು ಹೀಗೆ ಮಾಡಬೇಡಿ. ನಿಮಗೆ ಪಿನಿಯನ್ನೂ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ಟೂ ಸಮಾನಾಂತರ ಇರಬೇಕು.

ಉಳಿದ ಕೆಲಸ: ಪರ್ಚ್‌ಗೆ ಸಣ್ಣ ಚುಕ್ಕಿ ವೆಲ್ಡ್ (ಟ್ಯಾಕ್) ಹಾಕಿ ಹೌಸಿಂಗ್ ಇಳಿಸುವುದು, ಟ್ಯೂಬ್ ಬಾಗದ ಹಾಗೆ ಸ್ವಲ್ಪ ಸ್ವಲ್ಪವೇ ಪೂರ್ತಿ ವೆಲ್ಡ್ ಮಾಡುವುದು. ಆಮೇಲೆ 4.56 ಕ್ರೌನ್ ಪಿನಿಯನ್, ಲಾಕರ್. ಪಿನಿಯನ್ ಬೇರಿಂಗಿನ ಬಿಗಿತ ಹಿಡಿಯುವ ಕ್ರಶ್ ಸ್ಲೀವ್ ಹೊಸದು ಹಾಕುವಾಗಲೇ ಫೋರ್ಡಿನ ದುಂಡು ಫ್ಲ್ಯಾಂಜ್ ತೆಗೆದು ಜೀಪಿನ ಜಾಯಿಂಟಿಗೆ ಹೊಂದುವ 1310 ಯೋಕ್ ಕೂರಿಸುತ್ತೇನೆ. ಹಿಂದೆ ಡಿಸ್ಕ್ ಬಂದಿರುವುದರಿಂದ ಮುಂದೆ ಹಿಂದೆ ಬ್ರೇಕ್ ಒತ್ತಡ ಹಂಚುವ ಪ್ರಪೋರ್ಷನಿಂಗ್ ವಾಲ್ವ್ ಕೂಡ ಬದಲಾಗಬೇಕು. ನಾಲ್ಕೂ ಡಿಸ್ಕ್ ಇರುವ ಹಳೆ ಗ್ರ್ಯಾಂಡ್ ಚೆರೋಕೀಯದ್ದು ಒಂದು ತೆಗೆದಿಟ್ಟಿದ್ದೇನೆ. ಡ್ರೈವ್‌ಶಾಫ್ಟ್ ಉದ್ದ ಮಾತ್ರ ಇದೆಲ್ಲ ಮುಗಿದು ಗಾಡಿ ನಾಲ್ಕು ಚಕ್ರದ ಮೇಲೆ ನಿಂತ ಮೇಲೆಯೇ ಅಳೆಯುವುದು. ಹಳೆಯದು ಹೊಂದಿದರೆ ಸಂತೋಷ, ಇಲ್ಲದಿದ್ದರೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸುತ್ತೇನೆ.